ಊರೆಲ್ಲ ಹೊಗಳಿದ ಹೆಡ್‌ಫೋನ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ತಿರುಗುತ್ತವೆ: ಎಲ್ಲರೂ ಹೊಗಳುವ ಹೆಡ್‌ಫೋನನ್ನು ನಂಬುವುದೋ ಬಿಡುವುದೋ. ಒಂದು ಮಾದರಿಯ ಹೆಸರು ಬರೆದು ‘ಕೊಳ್ಳಲೇ?’ ಎಂದಷ್ಟೇ ಕೇಳಿದವರಿಗೆ ಪ್ರತ್ಯೇಕ ಉತ್ತರ ಕೊಟ್ಟಿಲ್ಲ. ಕೆಳಗಿನದನ್ನು ಓದಿದರೆ ಅವರೇ ತೀರ್ಮಾನಿಸಬಹುದು.

ಪ್ರಶ್ನೆ: ಆರು ತಿಂಗಳ ಹಿಂದೆ ಎಲ್ಲಿ ನೋಡಿದರೂ ಒಂದೇ ಇಯರ್‌ಫೋನಿನ ಹೆಸರು. ಈಗ ಅದರ ಸುದ್ದಿಯೇ ಇಲ್ಲ. ಇಷ್ಟರಲ್ಲೇ ಅದು ಕೆಟ್ಟದ್ದಾಗಿಬಿಟ್ಟಿತೆ?

ಉತ್ತರ: ಇಯರ್‌ಫೋನ್ ಇದ್ದ ಹಾಗೇ ಇದೆ, ಮಾತಾಡುವವರು ಮುಂದೆ ಹೋಗಿದ್ದಾರೆ. ಹೊಸ ಮಾದರಿ ಮಾರುಕಟ್ಟೆಗೆ ಬರುವ ಮೊದಲೇ ವಿಮರ್ಶಕರ ಕೈ ಸೇರಿರುತ್ತದೆ, ಬಿಡುಗಡೆಯ ವಾರದಲ್ಲಿ ಎಲ್ಲರ ವಿಮರ್ಶೆಯೂ ಒಟ್ಟಿಗೆ ಹೊರಬರುತ್ತದೆ. ಆ ವಾರ ಅದನ್ನು ಕಿವಿಗೆ ಹಾಕಿ ಕೇಳಿದವರು ಕೆಲವರು, ಅದರ ಬಗ್ಗೆ ಕೇಳಿದವರು ಅಸಂಖ್ಯ. ನಂತರ ಮೊದಲ ಕಂತಿನಲ್ಲಿ ಕೊಂಡವರ ಸರದಿ. ಹಣ ಕೊಟ್ಟ ಬಿಸಿ ಆರುವ ಮುನ್ನ ಬರೆದದ್ದಾದ್ದರಿಂದ ಅದರಲ್ಲಿ ಸಂತೋಷವೇ ಹೆಚ್ಚು. ‘ಎರಡು ಗಂಟೆ ಕೇಳಿದರೆ ಟ್ರೆಬಲ್ (ಎತ್ತರದ ಸ್ವರ) ಚುಚ್ಚುತ್ತದೆ’, ‘ಎಡ ಬಲ ಸದ್ದು ಸಮ ಇಲ್ಲ’, ‘ಕನೆಕ್ಟರ್ ಸಡಿಲವಾಯಿತು’ ಎಂಬ ದೂರುಗಳು ಬರುವುದಕ್ಕೆ ತಿಂಗಳುಗಳು ಬೇಕು. ಅಷ್ಟರಲ್ಲಿ ವಿಮರ್ಶಕರ ಮೇಜಿನ ಮೇಲೆ ಮುಂದಿನ ಡಬ್ಬಿ ಬಂದಿರುತ್ತದೆ. ಹಿಡಿಸದವರು ಸದ್ದಿಲ್ಲದೆ ಮಾರುತ್ತಾರೆ, ಹಿಡಿಸಿದವರು ಸುಮ್ಮನೆ ಹಾಡು ಕೇಳುತ್ತಿರುತ್ತಾರೆ. ಹಾಗಾಗಿ ಹೊಗಳಿಕೆಯ ಗದ್ದಲದಂತೆಯೇ ಆಮೇಲಿನ ಮೌನವೂ ಗುಣದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ.

ಜನಪ್ರಿಯತೆ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಪಕ್ಕದ ಕ್ಷೇತ್ರದ ಒಂದು ಪ್ರಯೋಗ ಇಲ್ಲಿ ಬಹಳ ಹೊಂದುತ್ತದೆ. ಮ್ಯಾಥ್ಯೂ ಸಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ 2006ರಲ್ಲಿ ಪ್ರಕಟಿಸಿದ್ದು. ಹೆಸರು ಕೇಳಿರದ ತಂಡಗಳ 48 ಹಾಡುಗಳನ್ನು 14,000ಕ್ಕೂ ಹೆಚ್ಚು ಜನರಿಗೆ ಕೊಟ್ಟರು. ಒಂದು ಗುಂಪಿಗೆ ಹಾಡುಗಳು ಮಾತ್ರ ಕಾಣುತ್ತಿದ್ದವು. ಉಳಿದ ಎಂಟು ಗುಂಪುಗಳವರಿಗೆ, ತಮ್ಮ ಗುಂಪಿನಲ್ಲಿ ಪ್ರತಿ ಹಾಡನ್ನು ಈವರೆಗೆ ಎಷ್ಟು ಜನ ಇಳಿಸಿಕೊಂಡಿದ್ದಾರೆ ಎಂಬುದೂ ಕಾಣುತ್ತಿತ್ತು. ಎಣಿಕೆ ಕಂಡ ಗುಂಪುಗಳಲ್ಲಿ ಗೆದ್ದ ಹಾಡು ಇನ್ನೂ ದೊಡ್ಡದಾಗಿ ಗೆದ್ದಿತು, ಆದರೆ ಯಾವ ಹಾಡು ಗೆಲ್ಲುತ್ತದೆ ಎಂಬುದು ಗುಂಪಿನಿಂದ ಗುಂಪಿಗೆ ಬೇರೆಯಾಯಿತು. ತೀರಾ ಒಳ್ಳೆಯವು ಮುಳುಗಿದ್ದು ಅಪರೂಪ, ತೀರಾ ಕೆಟ್ಟವು ಮೇಲೆದ್ದದ್ದೂ ಅಪರೂಪ. ನಡುವಿನವಕ್ಕೆ ಏನು ಬೇಕಾದರೂ ಆಗಬಹುದಿತ್ತು.

ಇಂದಿನ ಹೆಡ್‌ಫೋನ್‌ಗಳಲ್ಲಿ ಬಹುಪಾಲು ಆ ನಡುವಿನವೇ. ಟ್ಯೂನಿಂಗ್ (ಬಾಸ್, ಟ್ರೆಬಲ್ ಎಷ್ಟೆಷ್ಟು ಎಂದು ಹೊಂದಿಸಿದ ಬಗೆ) ಚೆನ್ನಾಗಿರುವ ಹತ್ತರಲ್ಲಿ ಒಂದು ಮೊದಲ ವಾರದ ಗಾಳಿಗೆ ಸಿಕ್ಕಿ ಮೇಲೆ ಹಾರುತ್ತದೆ, ಅಷ್ಟೇ ಚೆನ್ನಾಗಿರುವ ಉಳಿದ ಒಂಬತ್ತು ಕೆಳಗೇ ಉಳಿಯುತ್ತವೆ. ಆದ್ದರಿಂದ ಹೈಪ್ ಸುಳ್ಳು ಎಂದು ತಳ್ಳಿಹಾಕಬೇಡಿ. ಯಾವುದನ್ನು ಕೇಳಿ ನೋಡಬಹುದು ಎಂಬ ಪಟ್ಟಿಗೆ ಅದು ಸಾಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದಕ್ಕೆ ಸಾಲದು. ಬಿಡುಗಡೆಯಾಗಿ ಕನಿಷ್ಠ ಮೂರು ತಿಂಗಳಾದ ಮೇಲೆ ಬರೆದ ಅಭಿಪ್ರಾಯಗಳನ್ನೇ ಹುಡುಕಿ. ಬರೆದವರು ಯಾವ ಇಯರ್‌ಟಿಪ್, ಯಾವ ಆಂಪ್ (ಸದ್ದು ಹೆಚ್ಚಿಸುವ ಆಂಪ್ಲಿಫೈಯರ್), ಯಾವ ಇನ್ನೊಂದು ಮಾದರಿಯ ಜತೆ ಹೋಲಿಸಿದರು ಎಂದು ಹೇಳಿದ್ದಾರೆಯೇ ನೋಡಿ. ಇವು ಮೂರೂ ಇಲ್ಲದ ವಿಮರ್ಶೆ ಬರೀ ಮೆಚ್ಚುಗೆ. ಬಿಡುಗಡೆಯಾದ ಎರಡನೇ ಮೂರನೇ ತಿಂಗಳಿಗೇ ಸೆಕೆಂಡ್ ಹ್ಯಾಂಡ್ ಆಗಿ ರಾಶಿ ಬಂದು ಬಿದ್ದಿದ್ದರೆ, ಹಲವರಿಗೆ ಹಿಡಿಸಲಿಲ್ಲ ಎಂಬುದಕ್ಕೆ ಅದು ಇನ್ನೂ ಗಟ್ಟಿ ಸುಳಿವು.

ವಿಮರ್ಶಕರೇ ಟ್ಯೂನ್ ಮಾಡಿಕೊಟ್ಟ ಮಾದರಿಗಳೂ ಇವೆ. ಮೂನ್‌ಡ್ರಾಪ್ ಬ್ಲೆಸಿಂಗ್ 2 ಡಸ್ಕ್, ಟ್ರುತ್‌ಇಯರ್ ಝೀರೊ ಎರಡೂ ಕ್ರಿನಾಕಲ್ ಎಂಬ ವಿಮರ್ಶಕರ ಜತೆ ಮಾಡಿದಂಥವು, ಅದನ್ನು ಬಹಿರಂಗವಾಗಿಯೇ ಹೇಳಿದ್ದಾರೆ. ಅಂಥವು ಕಳಪೆ ಎಂದು ಅರ್ಥವಲ್ಲ. ಆದರೆ ಅವುಗಳ ವಿಷಯದಲ್ಲಿ ಮೂರನೆಯವರ ಮಾತನ್ನೂ ಕೇಳಿ.

ಪ್ರಶ್ನೆ: ಗ್ರಾಫ್ ಹಾರ್ಮನ್ ಗೆರೆಯ ಮೇಲೆ ಕೂತರೆ ಹೆಡ್‌ಫೋನ್ ಒಳ್ಳೆಯದು ಎಂದೇ ಅರ್ಥವೆ? ಹಾಗಾದರೆ ಗೆರೆಗೆ ಹತ್ತಿರವಿರುವ ಅಗ್ಗದ್ದನ್ನು ಕೊಂಡರೆ ಆಯಿತಲ್ಲ?

ಉತ್ತರ: ಅರ್ಧ ನಿಜ. ಗ್ರಾಫ್ ತೋರಿಸುವುದು ಯಾವ ಸ್ವರ ಎಷ್ಟು ಜೋರು ಎಂಬುದನ್ನು; ಅದು ಹೇಗಿದ್ದರೆ ಹೆಚ್ಚಿನವರಿಗೆ ಹಿಡಿಸುತ್ತದೆ ಎಂದು ಹಾರ್ಮನ್ ಕಂಪನಿ ಎಳೆದ ಗುರಿಗೆರೆ ಗಾಳಿಮಾತಲ್ಲ. ಅಲ್ಲಿನ ಸಂಶೋಧಕರಾದ ಶಾನ್ ಓಲಿವ್, ಟಾಡ್ ವೆಲ್ಟಿ ಮತ್ತು ಸಂಗಡಿಗರು 2012–13ರಿಂದ ನೂರಾರು ಕೇಳುಗರ ಮೇಲೆ ಪರೀಕ್ಷೆ ನಡೆಸಿ ರೂಪಿಸಿದ್ದು. ಆದರೆ ಅವರದೇ ನಂತರದ ಕೆಲಸದಲ್ಲಿ ಕೇಳುಗರು ಮೂರು ಪಂಗಡವಾದರು: 64% ಮಂದಿಗೆ ಆ ಗೆರೆಯೇ ಇಷ್ಟ, 15% ಮಂದಿಗೆ ಬಾಸ್ ಇನ್ನೂ ಬೇಕು, 21% ಮಂದಿಗೆ ಬಾಸ್ ಅಷ್ಟು ಬೇಡ. ಮೂವರಲ್ಲಿ ಒಬ್ಬರಿಗೆ ಗೆರೆ ಪೂರ್ತಿ ಒಗ್ಗುವುದಿಲ್ಲ ಎಂದಾಯಿತು. ಕಂಪನಿಗಳು ಇದನ್ನು ಹೇಳುವುದಿಲ್ಲ. ಗೆರೆಯ ಮೇಲೆ ಕೂತ ಗ್ರಾಫನ್ನು ಡಬ್ಬಿಯ ಮೇಲೆ ಅಚ್ಚು ಹಾಕಿದರೆ ಅವರ ಕೆಲಸ ಮುಗಿಯಿತು.

ಇನ್ನು ಗ್ರಾಫ್ ಓದುವ ಬಗೆ. ಇಯರ್‌ಫೋನ್ ಅಳೆಯಲು ಹೆಚ್ಚಿನವರು ಬಳಸುವುದು ಐಇಸಿ 60318-4 ಕಪ್ಲರ್ (ಕಿವಿಯ ಕೊಳವೆಯನ್ನು ಅನುಕರಿಸುವ, ಮೈಕ್ ಇರುವ ಅಳತೆ ಸಾಧನ), ರೂಢಿಯಲ್ಲಿ ‘711’. ಅದನ್ನು ನಂಬಬಹುದಾದದ್ದು 10 ಕಿಲೋಹರ್ಟ್ಸ್‌ವರೆಗೆ. ಅದಕ್ಕಿಂತ ಮೇಲೆ ಕಾಣುವ ಏರಿಳಿತ ನೋಡಿ ‘ಗಾಳಿಯಂಥ ಟ್ರೆಬಲ್’ ಎಂದೆಲ್ಲ ಬರೆಯುವುದು ಊಹೆ. 8 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಬಹುತೇಕ ಎಲ್ಲ ಗ್ರಾಫ್‌ಗಳಲ್ಲೂ ಒಂದು ಚೂಪು ಕಾಣುತ್ತದೆ. ಅದು ಇಯರ್‌ಫೋನಿನ ತುದಿಗೂ ಕಪ್ಲರಿನ ಮೈಕಿಗೂ ನಡುವಿನ ಕೊಳವೆಯ ಅನುರಣನ. ಅಳೆಯುವವರು ಗ್ರಾಫ್‌ಗಳನ್ನು ಹೋಲಿಸಲು ಅನುಕೂಲವಾಗಲೆಂದು ಅದನ್ನು ಬೇಕೆಂದೇ 8ರಲ್ಲಿ ನಿಲ್ಲಿಸುತ್ತಾರೆ. ನಿಮ್ಮ ಕಿವಿಯಲ್ಲಿ ಇಯರ್‌ಫೋನ್ ಇನ್ನಷ್ಟು ಆಳಕ್ಕೆ ಹೋದರೆ ಆ ಚೂಪು ಮೇಲಿನ ಸ್ವರಕ್ಕೆ ಸರಿಯುತ್ತದೆ, ಹೊರಗೆ ನಿಂತರೆ ಕೆಳಕ್ಕೆ ಬರುತ್ತದೆ. ಒಬ್ಬರಿಗೆ ‘ಸ’, ‘ಶ’ ಚುಚ್ಚುವುದು, ಇನ್ನೊಬ್ಬರಿಗೆ ಏನೂ ಅನ್ನಿಸದಿರುವುದು ಬಹುಮಟ್ಟಿಗೆ ಇದರಿಂದಲೇ.

ಹೋಲಿಸುವಾಗ ಎರಡೂ ಗ್ರಾಫ್ ಒಂದೇ ಉಪಕರಣದಲ್ಲಿ, ಒಬ್ಬರೇ ಅಳೆದದ್ದಾಗಿರಲಿ. 711ರ ಗ್ರಾಫನ್ನು ಬಿ ಆ್ಯಂಡ್ ಕೆ 5128 ಎಂಬ ಇನ್ನೊಂದು ಅಳತೆ ಸಾಧನದ ಗ್ರಾಫಿನ ಮೇಲೆ ಇಟ್ಟು ನೋಡಿದರೆ ಇಲ್ಲದ ವ್ಯತ್ಯಾಸ ಕಾಣುತ್ತದೆ. ಲಂಬ ಅಕ್ಷ ಎಷ್ಟು ಡೆಸಿಬಲ್‌ನದ್ದು ನೋಡಿ, 100 ಡೆಸಿಬಲ್ ಹಿಗ್ಗಿಸಿದ ಅಕ್ಷದಲ್ಲಿ ಎಂಥ ಗುಡ್ಡವೂ ಬಯಲಾಗಿ ಕಾಣುತ್ತದೆ. ಗೆರೆ ವಿಪರೀತ ನುಣುಪಾಗಿದ್ದರೆ ಎಷ್ಟು ಸ್ಮೂದಿಂಗ್ (ಏರಿಳಿತಗಳನ್ನು ಸರಾಸರಿ ಮಾಡಿ ನಯಗೊಳಿಸುವುದು) ಹಾಕಿದ್ದಾರೆ ಎಂದು ಹುಡುಕಿ. ಮೂರನೇ ಒಂದು ಆಕ್ಟೇವ್ (ಆಕ್ಟೇವ್ ಎಂದರೆ ಷಡ್ಜದಿಂದ ಮೇಲಿನ ಷಡ್ಜದವರೆಗಿನ ಅಂತರ) ಆದರೆ ಕಿರಿದಾದ ಚೂಪುಗಳು ಅಳಿಸಿಹೋಗಿರುತ್ತವೆ.

ಬೆಲೆಯ ವಿಷಯದಲ್ಲಿ ನಿಮ್ಮ ತರ್ಕ ಸರಿಯೇ ಇದೆ. 2017ರಲ್ಲಿ ಜೆರೋನ್ ಬ್ರೀಬಾರ್ಟ್ 283 ಹೆಡ್‌ಫೋನ್‌ಗಳ ಫ್ರೀಕ್ವೆನ್ಸಿ ರೆಸ್ಪಾನ್ಸನ್ನು (ಗ್ರಾಫ್ ತೋರಿಸುವುದು ಇದನ್ನೇ) ಅವುಗಳ ಬೆಲೆಯ ಜತೆ ಇಟ್ಟು ನೋಡಿದಾಗ ಎರಡಕ್ಕೂ ಸಂಬಂಧ ಸಿಗಲಿಲ್ಲ. ಹೆಚ್ಚು ಹಣಕ್ಕೆ ಸಿಗುವುದು ಹಲವು ಸಲ ಲೋಹದ ಕವಚ, ಬಿಡಿಭಾಗ, ತಲೆಯ ಮೇಲಿನ ಸುಖ. ಅವೂ ಬೇಕಾದವೇ, ಆದರೆ ಅವನ್ನು ಧ್ವನಿಯ ಲೆಕ್ಕಕ್ಕೆ ಬರೆಯಬೇಡಿ.

ಪ್ರಶ್ನೆ: ‘ಈ ಹೆಡ್‌ಫೋನ್‌ಗೆ ದೊಡ್ಡ ಆಂಪ್ ಇಲ್ಲದಿದ್ದರೆ ದಂಡ’ ಎನ್ನುತ್ತಾರೆ. ನಿಜವೇ ಎಂದು ಲೆಕ್ಕ ಹಾಕಿ ತಿಳಿಯಬಹುದೆ?

ಉತ್ತರ: ತಿಳಿಯಬಹುದು, ಕ್ಯಾಲ್ಕುಲೇಟರ್ ಸಾಕು. ಕಂಪನಿಗಳು ಸೆನ್ಸಿಟಿವಿಟಿಯನ್ನು (ಇಷ್ಟು ವಿದ್ಯುತ್ತಿಗೆ ಎಷ್ಟು ಸದ್ದು ಎಂಬುದನ್ನು) ಎರಡು ಬಗೆಯಲ್ಲಿ ಕೊಡುತ್ತವೆ: 1 ಮಿಲಿವ್ಯಾಟ್‌ಗೆ ಎಷ್ಟು ಡೆಸಿಬಲ್, ಇಲ್ಲವೇ 1 ವೋಲ್ಟ್‌ಗೆ ಎಷ್ಟು. ಎಲ್ಲರೂ ಎಡವುವುದು ಇಲ್ಲೇ, ಎರಡನ್ನೂ ಒಂದೇ ಎಂದುಕೊಂಡು ಹೋಲಿಸುತ್ತಾರೆ. ಮಿಲಿವ್ಯಾಟ್ ಅಂಕಿಯನ್ನು ವೋಲ್ಟ್ ಅಂಕಿಗೆ ತರಲು ಹೆಡ್‌ಫೋನಿನ ಓಮ್ (ವಿದ್ಯುತ್ತಿಗೆ ಅದು ಒಡ್ಡುವ ತಡೆ) ನೋಡಿ, 16 ಓಮ್‌ಗೆ 18, 32 ಓಮ್‌ಗೆ 15, 50 ಓಮ್‌ಗೆ 13, 250 ಓಮ್‌ಗೆ 6, 300 ಓಮ್‌ಗೆ 5 ಡೆಸಿಬಲ್ ಕೂಡಿಸಿ.

ಸೆನ್‌ಹೈಸರ್ ಎಚ್‌ಡಿ 600 ತೆಗೆದುಕೊಳ್ಳಿ: 300 ಓಮ್, 1 ವೋಲ್ಟ್‌ಗೆ 97 ಡೆಸಿಬಲ್. ಸಾಮಾನ್ಯವಾಗಿ 75 ಡೆಸಿಬಲ್ ಸರಾಸರಿಯಲ್ಲಿ ಕೇಳುವವರಿಗೆ ಹಾಡಿನ ಏರುಗಳು ಸುಮಾರು 20 ಡೆಸಿಬಲ್ ಮೇಲೆ, ಅಂದರೆ 95ಕ್ಕೆ ಹೋಗುತ್ತವೆ. ಫೋನಿಗೆ ಸಿಕ್ಕಿಸುವ, 1 ವೋಲ್ಟ್ ಕೊಡುವ ಪುಟ್ಟ ಡಾಂಗಲ್‌ಗೇ ಅದು ಸಾಧ್ಯ. ಜೋರಾಗಿ ಕೇಳುವವರಾದರೆ, ಅಥವಾ ಇಕ್ವಲೈಸರ್‌ನಲ್ಲಿ (ಬಾಸ್, ಟ್ರೆಬಲ್ ಹೆಚ್ಚು ಕಡಿಮೆ ಮಾಡುವ ಆ್ಯಪ್‌ನಲ್ಲಿ) ಮಟ್ಟ ಇಳಿಸಿ ಕೇಳುವವರಾದರೆ 110ರವರೆಗೆ ಜಾಗ ಇಟ್ಟುಕೊಳ್ಳಿ. ಇನ್ನು 13 ಡೆಸಿಬಲ್ ಬೇಕು, ಅಂದರೆ ಸುಮಾರು 4.5 ವೋಲ್ಟ್. ವಿದ್ಯುತ್ ಮಾತ್ರ 67 ಮಿಲಿವ್ಯಾಟ್, ಕರೆಂಟ್ 15 ಮಿಲಿಆಂಪ್. ಸಾಧಾರಣ ಮೇಜಿನ ಆಂಪ್‌ಗೆ ಅದು ಭಾರವೇ ಅಲ್ಲ.

ಈಗ 2010ರ ಹೈಫೈಮ್ಯಾನ್ ಎಚ್‌ಇ-6: 50 ಓಮ್, 1 ಮಿಲಿವ್ಯಾಟ್‌ಗೆ 83.5 ಡೆಸಿಬಲ್. 13 ಕೂಡಿಸಿದರೆ ವೋಲ್ಟ್‌ಗೆ 96.5. ವೋಲ್ಟೇಜ್ ಲೆಕ್ಕದಲ್ಲಿ ಎಚ್‌ಡಿ 600ಕ್ಕೂ ಇದಕ್ಕೂ ಅಂತರವೇ ಇಲ್ಲ! ಆದರೆ 110ಕ್ಕೆ ಹೋಗಲು ಬೇಕಾಗುವುದು ಸುಮಾರು 450 ಮಿಲಿವ್ಯಾಟ್, 95 ಮಿಲಿಆಂಪ್. ಡಾಂಗಲ್ ಕೈಚೆಲ್ಲುವುದು ಇಲ್ಲಿ. ‘ದೊಡ್ಡ ಆಂಪ್ ಬೇಕು’ ಎಂಬ ಮಾತು ಇಂಥವಕ್ಕೆ ಸತ್ಯ. ಅದನ್ನೇ ಕೇಳಿ ಕಲಿತವರು 32 ಓಮ್‌ನ, ಫೋನಿನಲ್ಲೇ ಕಿವಿ ತುಂಬುವ ಹೆಡ್‌ಫೋನ್‌ಗೂ ಹೇಳುತ್ತಾ ಹೋದರು, ಅದೇ ಟ್ರೆಂಡ್ ಆಯಿತು. ಸಾಕಷ್ಟು ವೋಲ್ಟೇಜ್, ಕರೆಂಟ್ ಸಿಕ್ಕ ಮೇಲೆ ಇನ್ನೂ ದೊಡ್ಡ ಆಂಪ್ ಹಾಕಿದರೆ ಹೆಚ್ಚುವುದು ವಾಲ್ಯೂಮ್ ತಿರುಪಿನ ಜಾಗ ಮಾತ್ರ.

ಒಂದು ಎಚ್ಚರಿಕೆ ಮಾತ್ರ ಕೊಡಬೇಕು. ಹಲವು ಬ್ಯಾಲೆನ್ಸ್ಡ್ ಆರ್ಮೇಚರ್ (ಸದ್ದು ಹುಟ್ಟಿಸುವ ಒಂದು ಬಗೆಯ ಪುಟ್ಟ ಘಟಕ) ಇರುವ ಇಯರ್‌ಫೋನ್‌ಗಳ ಓಮ್ ಒಂದೊಂದು ಸ್ವರಕ್ಕೆ ಒಂದೊಂದಾಗಿರುತ್ತದೆ. ಆಂಪಿನ ಔಟ್‌ಪುಟ್ ಇಂಪಿಡೆನ್ಸ್ (ಆಂಪಿನದೇ ಒಳತಡೆ) 10 ಓಮ್ ಇದ್ದರೆ ಅವುಗಳ ಟ್ಯೂನಿಂಗೇ ಬದಲಾಗುತ್ತದೆ. 1 ಓಮ್‌ನ ಒಳಗಿರಲಿ. ‘ಈ ಆಂಪ್ ಬೆಚ್ಚಗೆ, ಆ ಆಂಪ್ ಚೂಪು’ ಎಂಬ ವಾದಗಳಲ್ಲಿ ಕೆಲವಕ್ಕಾದರೂ ಕಾರಣ ಇದೇ.

ಪ್ರಶ್ನೆ: 100 ಗಂಟೆ ಬರ್ನ್-ಇನ್ ಮಾಡಿದ (ಹೊಸದನ್ನು ಅಷ್ಟು ಹೊತ್ತು ನುಡಿಸಿ ಪಳಗಿಸಿದ) ಮೇಲೆಯೇ ನಿಜವಾದ ಧ್ವನಿ ಬರುತ್ತದಂತೆ?

ಉತ್ತರ: ಆ 100 ಗಂಟೆಯಲ್ಲಿ ಇಯರ್‌ಪ್ಯಾಡ್ ಮೆತ್ತಗಾಗಿ ತಲೆಗೆ ಹೊಂದಿಕೊಳ್ಳುತ್ತದೆ, ಮೆದುಳು ಹೊಸ ಟ್ಯೂನಿಂಗ್‌ಗೆ ಒಗ್ಗುತ್ತದೆ, ಮತ್ತು ವಾಪಸ್ ಕೊಡುವ ಗಡುವು ಮುಗಿಯುತ್ತದೆ. ಮೂರನೆಯದನ್ನು ಮರೆಯಬೇಡಿ.

ಪ್ರಶ್ನೆ: ಒಂದರಲ್ಲಿ ಸದ್ದು ಹುಟ್ಟಿಸುವ ಡ್ರೈವರ್ ಹತ್ತು, ಇನ್ನೊಂದರಲ್ಲಿ ಒಂದೇ. ಹತ್ತಿರುವುದು ಮೇಲಲ್ಲವೆ?

ಉತ್ತರ: ಡ್ರೈವರ್ ಎಣಿಕೆ ಒಂದು ಕಾಲದ ಅಲೆ. ಆಮೇಲೆ 2021ರ ಸುಮಾರಿಗೆ 7ಹರ್ಟ್ಸ್ ಟೈಮ್‌ಲೆಸ್ ಬಂದು ಪ್ಲೇನರ್ (ಚಪ್ಪಟೆ ತೆಳುಹಾಳೆ ಕಂಪಿಸುವ) ಇಯರ್‌ಫೋನ್‌ಗಳ ಅಲೆ ಎದ್ದಿತು. ಅದರ ಮೇಲೆ ಮತ್ತೊಂದು. ಹತ್ತು ಡ್ರೈವರ್ ಹಾಕಿದರೆ ಅವುಗಳ ನಡುವೆ ಸ್ವರಗಳನ್ನು ಹಂಚುವ ಕ್ರಾಸ್‌ಓವರ್ ಬೇಕು, ಒಂದು ನಿಂತು ಇನ್ನೊಂದು ಶುರುವಾಗುವ ಕಡೆ ಎರಡೂ ಒಂದನ್ನೊಂದು ಕಡಿದುಹಾಕದಂತೆ ನೋಡಿಕೊಳ್ಳಬೇಕು, ಎಡ ಬಲದ ಇಪ್ಪತ್ತೂ ಡ್ರೈವರ್‌ಗಳು ಜೋಡಿಯಾಗಿ ಹೊಂದಬೇಕು. ಎಣಿಕೆ ಏರಿದಂತೆ ತಪ್ಪಾಗುವ ಜಾಗವೂ ಏರುತ್ತದೆ. ಇವೆಲ್ಲ ಸರಿ ಮಾಡಿದವರು ಇದ್ದಾರೆ. ಒಂದೇ ಡ್ರೈವರ್‌ನಲ್ಲಿ ಅಷ್ಟೇ ಚೆನ್ನಾಗಿ ಮಾಡಿದವರೂ ಇದ್ದಾರೆ. ಎಣಿಕೆಯನ್ನು ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುವುದು ಸುಲಭ, ಕ್ರಾಸ್‌ಓವರ್‌ನ ಗುಣವನ್ನು ಬರೆಯಲಾಗದು.

ಪ್ರಶ್ನೆ: ಹೈಪ್ ಆಗಿರುವ ಹೆಡ್‌ಫೋನನ್ನು ನನ್ನ ಹಳೆಯದರ ಜತೆ ಮನೆಯಲ್ಲೇ ನ್ಯಾಯವಾಗಿ ಹೋಲಿಸುವುದು ಹೇಗೆ?

ಉತ್ತರ: ಮೊದಲು ಎರಡರ ಸದ್ದಿನ ಮಟ್ಟ ಸಮ ಮಾಡಿ. ಒಂದು ಡೆಸಿಬಲ್ ಜೋರಾಗಿರುವುದು ‘ಜೋರು’ ಎಂದು ಅನ್ನಿಸುವುದಿಲ್ಲ, ‘ಸ್ಪಷ್ಟ’ ಎಂದು ಅನ್ನಿಸುತ್ತದೆ. ಮಟ್ಟ ಏರಿದಂತೆ ಬಾಸ್ ಕೂಡ ಹೆಚ್ಚು ಕೇಳಿಸುತ್ತದೆ. ಹೊಸದು ಗೆದ್ದಿತು ಎಂಬ ಎಷ್ಟೋ ತೀರ್ಪು ಇಷ್ಟಕ್ಕೇ ನಿಂತಿರುತ್ತದೆ.

ಹೆಡ್‌ಫೋನ್ ಆದರೆ ದಪ್ಪ ರಟ್ಟಿನ 20 ಸೆಂಟಿಮೀಟರ್ ಚೌಕದ ನಡುವೆ 5–6 ಮಿಲಿಮೀಟರ್ ತೂತು ಮಾಡಿ. ಹಿಂದಿನಿಂದ ಫೋನಿನ ಮೈಕ್ ತೂತಿಗೆ ಸರಿಯಾಗಿ ಬರುವಂತೆ ಟೇಪ್ ಹಚ್ಚಿ, ಸುತ್ತ ಗಾಳಿ ನುಸುಳದಿರಲಿ. ಸದ್ದಿನ ಮಟ್ಟ ತೋರಿಸುವ ಆ್ಯಪ್ ತೆರೆಯಿರಿ. 500 ಹರ್ಟ್ಸ್‌ನಿಂದ 2 ಕಿಲೋಹರ್ಟ್ಸ್‌ವರೆಗಿನ ಪಿಂಕ್ ನಾಯ್ಸನ್ನು (ಹಲವು ಸ್ವರ ಬೆರೆತ ಭೋರೆಂಬ ಸದ್ದನ್ನು) ಬೇರೆ ಸಾಧನದಿಂದ ನುಡಿಸಿ. ಪೂರ್ತಿ ಪಟ್ಟಿಯ ನಾಯ್ಸ್ ಬೇಡ, ಬಾಸ್ ಸೋರಿಕೆ ಅಂಕಿಯನ್ನು ಕೆಡಿಸುತ್ತದೆ. ಒಂದೇ ಸ್ವರದ ಟೋನೂ ಬೇಡ, ಅದು ಒಂದರ ಗುಡ್ಡದ ಮೇಲೂ ಇನ್ನೊಂದರ ಹಳ್ಳದಲ್ಲೂ ಬೀಳಬಹುದು. ಪ್ಯಾಡನ್ನು ರಟ್ಟಿನ ಮೇಲೆ ಸಮನಾಗಿ ಒತ್ತಿ ಅಂಕಿ ಬರೆದುಕೊಳ್ಳಿ, ಎತ್ತಿ ಮತ್ತೆ ಇಟ್ಟು ಹೀಗೆ ಮೂರು ಸಲ, ಸರಾಸರಿ ತೆಗೆಯಿರಿ. ಆ್ಯಪ್ ತೋರಿಸುವ ಡೆಸಿಬಲ್ ನಿಜವಾದದ್ದಾಗಬೇಕಿಲ್ಲ, ಎರಡರ ನಡುವಿನ ಅಂತರ ಸಿಕ್ಕರೆ ಸಾಕು. ಆದರೆ ಮೊದಲು ಒಂದು ಪರೀಕ್ಷೆ ಮಾಡಿ: ನಾಯ್ಸನ್ನು 6 ಡೆಸಿಬಲ್ ಏರಿಸಿದಾಗ ಆ್ಯಪಿನ ಅಂಕಿಯೂ 6 ಏರುತ್ತದೆಯೇ? ಏರದಿದ್ದರೆ ಫೋನ್ ತಾನಾಗಿ ಮೈಕಿನ ಗೇನ್ ಇಳಿಸುತ್ತಿದೆ, ಬೇರೆ ಆ್ಯಪ್ ನೋಡಿ. ಮಟ್ಟ ಹೊಂದಿಸಲು ಫೋನಿನ ವಾಲ್ಯೂಮ್ ಬಟನ್ ಸಾಲದು, ಅದರ ಒಂದು ಮೆಟ್ಟಿಲೇ ಎರಡು ಮೂರು ಡೆಸಿಬಲ್ ಇರಬಹುದು. ಇಕ್ವಲೈಸರ್‌ನ ಪ್ರೀಆಂಪ್‌ನಲ್ಲಿ (ಒಟ್ಟು ಮಟ್ಟ ಹೊಂದಿಸುವ ಕಡೆ) ಅರ್ಧ ಅರ್ಧ ಡೆಸಿಬಲ್ ಇಳಿಸಿ.

ಇಯರ್‌ಫೋನ್‌ಗೆ ರಟ್ಟು ಆಗದು. ಒಬ್ಬರು ಮಾತಾಡುವ ಧ್ವನಿಮುದ್ರಣ ಹಾಕಿ, ಎರಡರಲ್ಲೂ ಮಾತು ಅಷ್ಟೇ ದೂರದಿಂದ ಕೇಳಿಸುವವರೆಗೆ ಹೊಂದಿಸಿ. ಒರಟು ವಿಧಾನವೇ, ಆದರೂ ಸುಮ್ಮನೆ ಬದಲಾಯಿಸಿ ಕೇಳುವುದಕ್ಕಿಂತ ಎಷ್ಟೋ ವಾಸಿ.

ಕೇಳಲು ಮೂರು ತುಣುಕು ಸಾಕು: ಒಂಟಿ ಕಂಠ, ತಾಳವಾದ್ಯ, ಹಲವು ವಾದ್ಯ ಒಟ್ಟಿಗೆ ಇರುವುದು. ಒಂದೊಂದು 30 ಸೆಕೆಂಡ್. ಹಳೆಯದು, ಹೊಸದು, ಹೊಸದು, ಹಳೆಯದು ಎಂಬ ಕ್ರಮದಲ್ಲಿ ಕೇಳಿ. ತೂಕದಿಂದಲೇ ಯಾವುದೆಂದು ಗೊತ್ತಾಗುವುದರಿಂದ ಕಣ್ಣು ಕಟ್ಟಿ ಪ್ರಯೋಜನವಿಲ್ಲ. ಅದಕ್ಕೇ ವಾರವಿಡೀ ಹೊಸದನ್ನಷ್ಟೇ ಬಳಸಿ, ನಂತರ ಹಳೆಯದಕ್ಕೆ ಮರಳಿ. ಮೊದಲ ದಿನದ ಹೋಲಿಕೆಗಿಂತ ಮರಳಿದ ದಿನ ಹೆಚ್ಚು ಹೇಳುತ್ತದೆ. ಹಳೆಯದರಲ್ಲಿ ಏನೋ ಕಳೆದುಹೋದಂತೆ ಅನ್ನಿಸಿದರೆ ಹೊಸದನ್ನು ಇಟ್ಟುಕೊಳ್ಳಿ. ‘ಅಬ್ಬಾ, ಹಾಯಾಯಿತು’ ಅನ್ನಿಸಿದರೆ ವಾಪಸ್ ಕಳಿಸಿ.

ಪ್ರಶ್ನೆ: ಎಲ್ಲರೂ ಮೆಚ್ಚಿದ್ದನ್ನು ಕೊಂಡೆ. ನನಗೆ ಬಾಸೇ ಇಲ್ಲ ಅನ್ನಿಸುತ್ತದೆ. ಹೇಳಿದರೆ ‘ನಿಮ್ಮ ಕಿವಿ ಪಳಗಿಲ್ಲ’ ಎನ್ನುತ್ತಾರೆ.

ಉತ್ತರ: ಕಿವಿಯನ್ನು ಬೈಯುವ ಮುನ್ನ ಸೋರಿಕೆ ನೋಡಬೇಕು. 50 ಹರ್ಟ್ಸ್ ಟೋನ್ ಹಾಕಿ, ಮಟ್ಟ ಕಡಿಮೆ ಇರಲಿ. ಇಯರ್‌ಫೋನನ್ನು ಬೆರಳಿಂದ ಮೆಲ್ಲಗೆ ಒಳಕ್ಕೆ ಒತ್ತಿ. ಸದ್ದು ಒಮ್ಮೆಲೇ ಏರಿದರೆ ಟಿಪ್ ಕಿವಿಯನ್ನು ಮುಚ್ಚುತ್ತಿಲ್ಲ. ಒಂದು ಅಳತೆ ದೊಡ್ಡದು ಹಾಕಿ, ಎಡ ಬಲಕ್ಕೆ ಬೇರೆ ಬೇರೆ ಅಳತೆ ಬೇಕಾಗುವುದೂ ಸಾಮಾನ್ಯ. ಮುಚ್ಚಿದ ಹೆಡ್‌ಫೋನ್‌ನಲ್ಲಿ ಸೋರಿಕೆಯ ದೊಡ್ಡ ಕಾರಣ ಕನ್ನಡಕದ ದಪ್ಪ ಕಡ್ಡಿ. ಅದನ್ನು ತೆಗೆದು ಕೇಳಿ ನೋಡಿ.

ಸೋರಿಕೆ ಇಲ್ಲ, ಆದರೂ ಬಾಸ್ ಸಾಲದು ಎಂದಾದರೆ ಮೇಲೆ ಹೇಳಿದ ಮೂರು ಪಂಗಡ ನೆನಪಿಸಿಕೊಳ್ಳಿ, ನೀವು ಆ 15%ರಲ್ಲಿ ಒಬ್ಬರಿರಬಹುದು. ಇಕ್ವಲೈಸರ್‌ನಲ್ಲಿ 105 ಹರ್ಟ್ಸ್‌ಗೆ ಲೋ ಶೆಲ್ಫ್ (ಅದರ ಕೆಳಗಿನ ಸ್ವರಗಳನ್ನೆಲ್ಲ ಏರಿಸುವ ಆಯ್ಕೆ), ಕ್ಯೂ (ಬದಲಾವಣೆ ಎಷ್ಟು ಕಡಿದು ಎಂಬ ಅಂಕಿ) 0.7, ಮೊದಲಿಗೆ 3 ಡೆಸಿಬಲ್ ಏರಿಸಿ. ಎಷ್ಟು ಏರಿಸಿದಿರೋ ಅಷ್ಟೇ ಪ್ರೀಆಂಪ್‌ನಲ್ಲಿ ಇಳಿಸಲೇಬೇಕು, ಇಲ್ಲದಿದ್ದರೆ ಏರುಗಳಲ್ಲಿ ಸದ್ದು ಒಡೆಯುತ್ತದೆ. ‘ಇಕ್ವಲೈಸರ್ ಹಾಕಿದರೆ ಕೆಡುತ್ತದೆ’ ಎಂದು ದೂರುವವರಲ್ಲಿ ಹಲವರು ಬಿಟ್ಟ ಹೆಜ್ಜೆ ಇದು. ಚುಚ್ಚುವ ಸ್ವರ ಇದ್ದರೆ 5ರಿಂದ 10 ಕಿಲೋಹರ್ಟ್ಸ್ ನಡುವೆ ಟೋನನ್ನು ಮೆಲ್ಲಗೆ ಏರಿಸುತ್ತ ಹೋಗಿ, ಎಲ್ಲಿ ತಟ್ಟನೆ ಚುಚ್ಚುತ್ತದೋ ಅಲ್ಲಿ ಕ್ಯೂ 3ರ ಸುಮಾರಿಗೆ 3 ಡೆಸಿಬಲ್ ಕಡಿಯಿರಿ. ಇದು ನಿಮ್ಮ ಕಿವಿಯ ಚೂಪು, ಬೇರೆಯವರು ಹೊಂದಿಸಿಟ್ಟ ಪ್ರಿಸೆಟ್‌ನಲ್ಲಿ ಸಿಗದು.

ಇಷ್ಟಾದರೂ ಒಗ್ಗದಿದ್ದರೆ ಹೈಪ್ ಇಳಿಯುವ ಮುನ್ನವೇ ಮಾರಿಬಿಡಿ. ಬೆಲೆ ಆಗಲೇ ಚೆನ್ನಾಗಿ ಸಿಗುವುದು.

ಪ್ರಶ್ನೆ: ಕೇಬಲ್ ಬದಲಿಸಿದರೆ?

ಉತ್ತರ: ಉದ್ದ, ಮೃದುತ್ವ, ಬಟ್ಟೆಗೆ ಉಜ್ಜಿದಾಗಿನ ಸದ್ದು ಬದಲಾಗುತ್ತವೆ. ಇವುಗಳಿಗಾಗಿ ಬದಲಿಸುವುದಾದರೆ ಖಂಡಿತ ಬದಲಿಸಿ.

ಪ್ರಶ್ನೆ: ಹೊಸದು ವಾರಕ್ಕೊಂದು ಬರುವಾಗ ಕೆಲವು ಹಳೆಯವು ಮಾತ್ರ ಉಳಿದುಕೊಂಡಿವೆ. ಏಕೆ?

ಉತ್ತರ: ಕಾಸ್ ಪೋರ್ಟಾ ಪ್ರೊ 1984ರದ್ದು, ಸೋನಿ ಎಂಡಿಆರ್-7506 1991ರದ್ದು, ಎಚ್‌ಡಿ 600 1997ರದ್ದು. ಟ್ಯೂನಿಂಗ್ ಮೂಲದಲ್ಲೇ ಸರಿಯಿತ್ತು ಎಂಬುದು ಒಂದು ಕಾರಣ. 7506 ಸ್ಟುಡಿಯೊಗಳಲ್ಲಿ ತಳವೂರಿದ್ದರಿಂದ ಅದರ ದೋಷಗಳೂ ಎಲ್ಲರಿಗೆ ಬಾಯಿಪಾಠ, ಹೋಲಿಕೆಗೆ ಅದೇ ಅಳತೆಗೋಲಾಯಿತು. ಆದರೆ ಜನ ಮಾತಾಡದ ಕಾರಣ ಬಿಡಿಭಾಗ. ಎಚ್‌ಡಿ 600ರ ಪ್ಯಾಡ್, ಕೇಬಲ್, ಹೆಡ್‌ಬ್ಯಾಂಡ್‌ನ ಮೆತ್ತೆ ಎಲ್ಲವನ್ನೂ ಸ್ಕ್ರೂಡ್ರೈವರ್ ಹಿಡಿಯದೆ ಬದಲಿಸಬಹುದು.

ಹಳೆಯದಕ್ಕೂ ಹೊಸ ಹೈಪ್ ಬರುತ್ತದೆ. 2003ರ ಎಚ್‌ಡಿ 650 ಅನ್ನೇ 2016ರಲ್ಲಿ ಮಾಸ್‌ಡ್ರಾಪ್ ಎಂಬ ಮಾರಾಟ ತಾಣ ಬೇರೆ ಬಣ್ಣ, ಗಿಡ್ಡ ಕೇಬಲ್ ಹಾಕಿ ಕಡಿಮೆ ಬೆಲೆಗೆ ಎಚ್‌ಡಿ 6ಎಕ್ಸ್‌ಎಕ್ಸ್ ಎಂದು ತಂದಾಗ ಹದಿಮೂರು ವರ್ಷದ ಹಳೆಯ ವಿನ್ಯಾಸ ಮತ್ತೆ ಎಲ್ಲರ ಬಾಯಲ್ಲಿ ಬಂತು.

ಹಳೆಯದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಪ್ಯಾಡ್ ಮೊದಲು ನೋಡಿ. ಅದು ಚಪ್ಪಟೆಯಾದರೆ ಡ್ರೈವರ್ ಕಿವಿಗೆ ಹತ್ತಿರವಾಗಿ ಧ್ವನಿಯೇ ಬದಲಾಗಿರುತ್ತದೆ, ಹಾಗಾಗಿ ಹೊಸ ಪ್ಯಾಡಿನ ಖರ್ಚನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಮೂಲ ಕಂಪನಿಯ ಪ್ಯಾಡನ್ನೇ ಹಾಕಿ. ವೆಲ್ವೆಟ್ ಇದ್ದ ಕಡೆ ಚರ್ಮದ್ದು ಹಾಕಿದರೆ ನೀವು ಓದಿದ ವಿಮರ್ಶೆಗೂ ಕೇಳುವ ಧ್ವನಿಗೂ ಸಂಬಂಧ ಇರುವುದಿಲ್ಲ. ಹೆಸರು ಹಾಗೇ ಇದ್ದು ಒಳಗಿನ ಭಾಗ ಸದ್ದಿಲ್ಲದೆ ಬದಲಾದ ಮಾದರಿಗಳೂ ಇವೆ. ಮಾರುವವರಿಂದ ತಯಾರಾದ ವರ್ಷ ಕೇಳಿಕೊಂಡು, ಆ ವರ್ಷದ ಆಸುಪಾಸಿನ ಗ್ರಾಫನ್ನೇ ಹುಡುಕಿ ನೋಡಿ.